ವಿಂಡೋಸ್ 11ರಿಂದ ಮತ್ತೆ 10ಕ್ಕೆ ಹೋಗಬಹುದಾ?

ಪ್ರಶ್ನೆ (ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ, ಹಾಸನ): ನಮಸ್ಕಾರ ಸರ್. ಅಂಗಡಿಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. ಅಪ್‌ಡೇಟ್ ತೋರಿಸುತ್ತಿದೆ ಅಂತ ಒತ್ತಿದ್ದಕ್ಕೆ 11 ಬಂದು ಕೂತಿದೆ. ತಿಂಗಳ ಹತ್ತಿರ ಆಯಿತು. ಅವತ್ತಿನಿಂದ ಹಳೇ ಸ್ಕ್ಯಾನರ್ ಕೆಲಸ ಮಾಡುತ್ತಿಲ್ಲ. ಪಹಣಿ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿಸಲು ಬಂದವರನ್ನು ವಾಪಸ್ ಕಳಿಸುತ್ತಿದ್ದೇನೆ. 10ಕ್ಕೇ ಹೋಗೋಣ ಅಂದರೆ ಸೆಟ್ಟಿಂಗ್ಸ್‌ನಲ್ಲಿ ‘ಗೋ ಬ್ಯಾಕ್’ ಬಟನ್ ಒತ್ತಲು ಬರುತ್ತಿಲ್ಲ. ಅಂಗಡಿ ಲೆಕ್ಕದ ಟ್ಯಾಲಿ ಇದರಲ್ಲೇ ಇದೆ. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಎಷ್ಟೋ ವರ್ಷದ ಫೈಲುಗಳಿವೆ. ಯಾವುದೂ ಹೋಗಬಾರದು. ದಾರಿ ಹೇಳಿ.

ಉತ್ತರ (ಕಂಪ್ಯೂಟರ್ ಸರ್ವಿಸ್): ನಮಸ್ಕಾರ. ಆ ಬಟನ್‌ಗೆ ಆಯಸ್ಸು 10 ದಿನ ಮಾತ್ರ. 11 ಹಾಕಿದಾಗ ಹಳೇ ವಿಂಡೋಸ್ ಅಳಿದು ಹೋಗುವುದಿಲ್ಲ, ಸಿ ಡ್ರೈವಿನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಅನ್ನುವ ಫೋಲ್ಡರಿನಲ್ಲಿ ಇರುತ್ತದೆ. 10 ದಿನ ಕಳೆದ ಮೇಲೆ ವಿಂಡೋಸ್ ತಾನೇ ಅದನ್ನು ಅಳಿಸುತ್ತದೆ. ಜಾಗ ಸಾಲದು ಅಂತ ಡಿಸ್ಕ್ ಕ್ಲೀನಪ್‌ನಲ್ಲಿ ಹಳೇ ವಿಂಡೋಸ್ ಫೈಲುಗಳನ್ನು ತೆಗೆದರೆ ಅದಕ್ಕೂ ಮೊದಲೇ ಹೋಗುತ್ತದೆ. ಇನ್ನೂ 10 ದಿನದ ಒಳಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೊಡುವ ‘ಡಿಸ್ಮ್’ (DISM) ಕಮಾಂಡಿನಿಂದ ಈ ಗಡುವನ್ನು 60 ದಿನದವರೆಗೆ ಹೆಚ್ಚಿಸಬಹುದು. ಗಡುವು ಮುಗಿದ ಮೇಲೆ ಅದೂ ಆಗುವುದಿಲ್ಲ.

ಹಾಗಾಗಿ ನಿಮಗೆ ಉಳಿದಿರುವುದು ಫಾರ್ಮ್ಯಾಟ್ ಮಾಡಿ 10 ಹೊಸದಾಗಿ ಹಾಕುವ ದಾರಿ. ಅದಕ್ಕೆ ಕೈ ಹಾಕುವ ಮೊದಲು ಸ್ಕ್ಯಾನರನ್ನು ಇನ್ನೊಮ್ಮೆ ನೋಡಿ. 11 ಮೇಲ್ನೋಟಕ್ಕೆ ಬೇರೆ ಕಂಡರೂ ಒಳಗೆ 10ರದ್ದೇ ಮುಂದುವರಿಕೆ. ಅದರ ಒಳಗಿನ ವರ್ಶನ್ ನಂಬರ್ ಕೂಡ 10.0 ಅಂತಲೇ ಶುರುವಾಗುತ್ತದೆ. ಅದಕ್ಕೇ 10ರ 64 ಬಿಟ್ ಡ್ರೈವರ್ (ಸ್ಕ್ಯಾನರಿನಂಥ ಉಪಕರಣವನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್) ಬಹುಪಾಲು 11ರಲ್ಲೂ ಓಡುತ್ತದೆ. ಈಗಿರುವ ಡ್ರೈವರ್ ಪೂರ್ತಿ ತೆಗೆದು, ರೀಸ್ಟಾರ್ಟ್ ಮಾಡಿ, ಸ್ಕ್ಯಾನರ್ ಕಂಪನಿಯ ಸೈಟಿನಿಂದಲೇ ಇಳಿಸಿ ಹಾಕಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಕೋರ್ ಐಸೋಲೇಶನ್’ ಅಂತ ಇದೆ, ಅದರೊಳಗೆ ‘ಮೆಮೊರಿ ಇಂಟಿಗ್ರಿಟಿ’ ಆನ್ ಇದೆಯಾ ನೋಡಿ. ಅದು ಆನ್ ಇದ್ದರೆ ಕೆಲವು ಹಳೇ ಡ್ರೈವರ್‌ಗಳನ್ನು ಲೋಡ್ ಆಗಲು ಬಿಡುವುದಿಲ್ಲ. ಏನು ಕಂಡಿತು ಅಂತ ಇಲ್ಲೇ ಹೇಳಿ.

ಹಾಸನದವರು: ನೋಡಿದೆ ಸರ್. ಅದು ಆಫ್ ಇದೆ. ಡ್ರೈವರ್ ತೆಗೆದು ಹಾಕಿದರೂ ಆಗಲಿಲ್ಲ. ಕಂಪನಿ ಸೈಟಿನಲ್ಲಿ ವಿಂಡೋಸ್ 8ರ ತನಕ ಮಾತ್ರ ಡ್ರೈವರ್ ಇದೆ. 10ರಲ್ಲಿ ಅದೇ ಹೇಗೋ ಓಡುತ್ತಿತ್ತು. ಹೊಸ ಸ್ಕ್ಯಾನರ್ ತಗೊಳ್ಳುವುದು ಸದ್ಯಕ್ಕೆ ಆಗದ ಮಾತು.

ಉತ್ತರ: ಸರಿ, ಹಾಗಿದ್ದರೆ ವಾಪಸ್ ಹೋಗಲು ನಿಮಗೆ ನ್ಯಾಯವಾದ ಕಾರಣ ಇದೆ. ಒಂದು ವಿಷಯ ಗೊತ್ತಿರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ‘ಇಎಸ್‌ಯು’ ಅನ್ನುವ ವ್ಯವಸ್ಥೆಯಲ್ಲಿ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡುವುದಾಗಿ ಕಂಪನಿ ಘೋಷಿಸಿದೆ. ಅದಕ್ಕೆ ಮೈಕ್ರೋಸಾಫ್ಟ್ ಅಕೌಂಟ್ ಬೇಕು, ವಿಂಡೋಸ್ 10ರ ಕೊನೆಯ ವರ್ಶನ್ 22ಎಚ್2 ಇರಬೇಕು. ಸೆಟ್ಟಿಂಗ್ಸನ್ನು ಅಕೌಂಟಿಗೆ ಸಿಂಕ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಜನ ಆಧಾರ್, ಬ್ಯಾಂಕ್ ಪಾಸ್‌ಬುಕ್ ತಂದು ಕೊಡುವ ಅಂಗಡಿ ನಿಮ್ಮದು. ಅಪ್‌ಡೇಟ್ ಇಲ್ಲದ ವಿಂಡೋಸ್ ಮೇಲೆ ಅವರ ದಾಖಲೆ ಇಡಬೇಡಿ.

ಈಗ ಬ್ಯಾಕಪ್. ಇದರಲ್ಲೇ ಜನ ಜಾಸ್ತಿ ಕಳೆದುಕೊಳ್ಳುವುದು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಕಾಪಿ ಮಾಡಿ ಎಲ್ಲ ಆಯಿತು ಅಂದುಕೊಳ್ಳುತ್ತಾರೆ. ಟ್ಯಾಲಿ ಡೇಟಾ ಸಾಮಾನ್ಯವಾಗಿ ಆ ಎರಡರಲ್ಲೂ ಇರುವುದಿಲ್ಲ. ಟ್ಯಾಲಿ ತೆರೆದು ಡೇಟಾ ಪಾತ್ ಯಾವುದು ಅಂತ ಅದರಲ್ಲೇ ನೋಡಿ, ಆ ಫೋಲ್ಡರ್ ಪೂರ್ತಿ ತೆಗೆದುಕೊಳ್ಳಿ. ಫಾರ್ಮ್ಯಾಟ್‌ಗೆ ಮೊದಲು ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿ, ಅಂದರೆ ಈ ಕಂಪ್ಯೂಟರಿನಿಂದ ಬಿಡಿಸಿ. ಇಲ್ಲದಿದ್ದರೆ ಹೊಸದಾಗಿ ಆಕ್ಟಿವೇಟ್ ಮಾಡುವಾಗ ತೊಂದರೆ ಕೊಡುತ್ತದೆ.

ನುಡಿ ಫೈಲುಗಳ ವಿಷಯ ಇನ್ನೂ ಸೂಕ್ಷ್ಮ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬರುವ ಮೊದಲಿನ ಶೈಲಿಯಲ್ಲಿ ಟೈಪ್ ಮಾಡಿದ ಫೈಲುಗಳಲ್ಲಿ ಅಕ್ಷರ ಕನ್ನಡವಾಗಿ ಕಾಣುವುದು ಫಾಂಟ್‌ನಿಂದ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ. ಫೈಲ್ ಕೆಟ್ಟಿರುವುದಿಲ್ಲ, ಫಾಂಟ್ ಸಿಕ್ಕರೆ ಸರಿಹೋಗುತ್ತದೆ. ಆದರೆ ನೀವು ಬಳಸುತ್ತಿದ್ದ ಅದೇ ಫಾಂಟ್ ಬೇಕು. ಅದಕ್ಕೇ ವಿಂಡೋಸ್ ಫೋಲ್ಡರಿನೊಳಗಿನ ‘ಫಾಂಟ್ಸ್’ ಪೂರ್ತಿ ಕಾಪಿ ಮಾಡಿ ಇಟ್ಟುಕೊಳ್ಳಿ. ನುಡಿಯ ಸೆಟಪ್ ಫೈಲ್ ಇದ್ದರೆ ಅದನ್ನೂ ಇಡಿ.

ಇನ್ನೊಂದು, ಒನ್‌ಡ್ರೈವ್. ಫೈಲಿನ ಪಕ್ಕ ಮೋಡದ ಗುರುತು ಇದ್ದರೆ ಆ ಫೈಲು ನಿಮ್ಮ ಡಿಸ್ಕಿನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ಮೊದಲು ಇಳಿಸಿಕೊಂಡು ಆಮೇಲೆ ಕಾಪಿ ಮಾಡಿ. ಬ್ಯಾಕಪ್ ಎಲ್ಲ ಆದ ಮೇಲೆ, ಕಾಪಿ ಮಾಡಿಟ್ಟ ಹೊರಗಿನ ಹಾರ್ಡ್ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಿ. ತೆರೆದುಕೊಂಡ ಮೇಲೆಯೇ ಫಾರ್ಮ್ಯಾಟ್.

ಉಳಿದದ್ದು ಸುಲಭ. ಮೈಕ್ರೋಸಾಫ್ಟ್ ಸೈಟಿನಿಂದ ವಿಂಡೋಸ್ 10ರ ‘ಮೀಡಿಯಾ ಕ್ರಿಯೇಶನ್ ಟೂಲ್’ ಇಳಿಸಿ, 8 ಜಿಬಿ ಪೆನ್ ಡ್ರೈವ್ ಹಾಕಿ ಓಡಿಸಿ. ಪೆನ್ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ. ಇನ್‌ಸ್ಟಾಲ್ ಮಾಡುವಾಗ ಕೀ ಕೇಳಿದರೆ ‘ನನ್ನ ಹತ್ತಿರ ಕೀ ಇಲ್ಲ’ ಅನ್ನುವುದನ್ನು ಆರಿಸಿ. ಮೊದಲು ಅದರಲ್ಲಿ ಅಸಲಿ 10 ಇತ್ತಲ್ವಾ, ಆ ಡಿಜಿಟಲ್ ಲೈಸೆನ್ಸ್ ನಿಮ್ಮ ಮದರ್‌ಬೋರ್ಡಿಗೆ ಅಂಟಿಕೊಂಡಿದೆ. ನೆಟ್ ಸಿಕ್ಕ ತಕ್ಷಣ ತಾನೇ ಆಕ್ಟಿವೇಟ್ ಆಗುತ್ತದೆ. ಹೋಮ್ ಇದ್ದರೆ ಹೋಮ್ ಹಾಕಿ, ಪ್ರೊ ಇದ್ದರೆ ಪ್ರೊ. ಅದು ತಪ್ಪಿದರೆ ಆಕ್ಟಿವೇಟ್ ಆಗದು.

ಪ್ರಶ್ನೆ (ಬೆಂಗಳೂರು): ಸರ್, ನಾನೂ ಇದೇ ಮಾಡಲು ಹೊರಟಿದ್ದೆ. ಪೆನ್ ಡ್ರೈವ್‌ನಿಂದ ಬೂಟ್ ಆಗಲಿ ಅಂತ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಈಗ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳುತ್ತಿದೆ. ನಾನು ಯಾವತ್ತೂ ಲಾಕ್ ಹಾಕಿಲ್ಲ. ಮಗುವಿನ ಫೋಟೋ ಎಲ್ಲ ಅದರಲ್ಲೇ ಇವೆ.

ಉತ್ತರ: ಮೇಡಂ, ಗಾಬರಿ ಬೇಡ. ಮೊದಲು ಆ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಎಂದಿನಂತೆ ತೆರೆದುಕೊಳ್ಳುತ್ತದೆ. ಇದು ಬಿಟ್‌ಲಾಕರ್, ಡಿಸ್ಕಿನ ಡೇಟಾಕ್ಕೆ ವಿಂಡೋಸ್ ಹಾಕುವ ಬೀಗ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದು ತಾನಾಗಿಯೇ ಆನ್ ಆಗುತ್ತದೆ. ನೀವು ಹಾಕಿಲ್ಲ ಅನ್ನುವುದು ನಿಜವೇ. ಹಾಗೆ ಆನ್ ಆದಾಗ ಕೀ ಅದೇ ಅಕೌಂಟಿಗೆ ಸೇವ್ ಆಗಿರುತ್ತದೆ. ಫೋನಿನಲ್ಲಿ ಆ ಅಕೌಂಟಿಗೆ ಲಾಗಿನ್ ಆಗಿ, ನಿಮ್ಮ ಡಿವೈಸ್ ಹೆಸರಿನ ಕೆಳಗೆ ರಿಕವರಿ ಕೀ ನೋಡಿ. ಮನೆಯಲ್ಲಿ ಬೇರೆಯವರ ಮೇಲ್‌ನಿಂದ ಸೆಟಪ್ ಆಗಿದ್ದರೆ ಅವರ ಅಕೌಂಟಿನಲ್ಲಿ ಹುಡುಕಿ. ಆ ಕೀ ಇಲ್ಲದೆ ಯಾವ ಸರ್ವಿಸ್ ಅಂಗಡಿಯವರೂ ಡೇಟಾ ತೆಗೆದುಕೊಡಲಾರರು. ತೆಗೆದುಕೊಡುತ್ತೇವೆ ಅಂದು ಮುಂಗಡ ಕೇಳುವವರನ್ನು ನಂಬಬೇಡಿ.

ಉಳಿದವರಿಗೂ ಹೇಳುತ್ತೇನೆ: ಬಯಾಸ್ ಮುಟ್ಟುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’ (ಇದೇ ಬೀಗ) ನೋಡಿ. ಆನ್ ಇದ್ದರೆ ಕೀ ಬರೆದಿಟ್ಟುಕೊಳ್ಳಿ.

ಪ್ರಶ್ನೆ (ವಿದ್ಯಾರ್ಥಿ, ಮೈಸೂರು): ಸರ್, ನನ್ನದು 12ನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್, 11 ಜೊತೆಗೇ ಬಂದಿದ್ದು. 10 ಹಾಕಲು ಹೋದರೆ ಡಿಸ್ಕೇ ಕಾಣುತ್ತಿಲ್ಲ. ಎಸ್‌ಎಸ್‌ಡಿ ಹೋಗಿದೆಯಾ?

ಉತ್ತರ: ಹೋಗಿಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗೆ ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ‘ವಿಎಂಡಿ’ ಅನ್ನುವ ಇಂಟೆಲ್‌ನ ಡಿಸ್ಕ್ ಕಂಟ್ರೋಲರ್ ಹಿಂದೆ ಎಸ್‌ಎಸ್‌ಡಿ ಇರುತ್ತದೆ. ಅದರ ಡ್ರೈವರ್ 10ರ ಸೆಟಪ್‌ನಲ್ಲಿ ಇಲ್ಲ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ ಹಾಕಿ ‘ರ‍್ಯಾಪಿಡ್ ಸ್ಟೋರೇಜ್’ ಡ್ರೈವರ್ ಇಳಿಸಿ, ಬಿಚ್ಚಿ ಅದೇ ಪೆನ್ ಡ್ರೈವ್‌ಗೆ ಹಾಕಿ, ‘ಲೋಡ್ ಡ್ರೈವರ್’ ಒತ್ತಿ ತೋರಿಸಿ. ಸುಮ್ನೆ ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡಬೇಡಿ, ಈಗಿರುವ 11 ಬೂಟ್ ಆಗದೆ ನಿಲ್ಲಬಹುದು. ಅಂದ ಹಾಗೆ, 10 ಯಾಕೆ ಬೇಕು?

ಮೈಸೂರಿನವರು: ಟಾಸ್ಕ್‌ಬಾರ್ ಮಧ್ಯದಲ್ಲಿದೆ ಸರ್, ಹಿಡಿಸಲ್ಲ. ಹಳೇದು ಫಾಸ್ಟ್ ಇರುತ್ತೆ ಅಂತ ಗೆಳೆಯರೂ ಹೇಳಿದರು.

ಉತ್ತರ: ಹಾಗಿದ್ದರೆ ಬಿಡಿ ತಮ್ಮಾ, 11ರಲ್ಲೇ ಇರಿ. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ‘ಅಲೈನ್‌ಮೆಂಟ್’ ಎಡಕ್ಕೆ ಮಾಡಿದರೆ ಮುಗಿಯಿತು. 12ನೇ ತಲೆಮಾರಿನ ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ದೊಡ್ಡ ಕೋರ್, ಸಣ್ಣ ಕೋರ್ ಅಂತ ಎರಡು ಬಗೆ ಇವೆ. ಯಾವ ಕೆಲಸ ಯಾವುದಕ್ಕೆ ಕೊಡಬೇಕು ಅನ್ನುವುದು 10ಕ್ಕಿಂತ 11ಕ್ಕೆ ಚೆನ್ನಾಗಿ ಗೊತ್ತು. ನಿಮ್ಮ ಮಷೀನಿಗೆ ಹಳೇದು ಹಾಕಿದರೆ ಫಾಸ್ಟ್ ಆಗುವುದಿಲ್ಲ.

ಪ್ರಶ್ನೆ (ಕೊಬ್ಬರಿ ಮಂಡಿ, ತಿಪಟೂರು): ನಮ್ಮದು ಡಾಸ್ (ವಿಂಡೋಸ್‌ಗೂ ಹಿಂದಿನ ವ್ಯವಸ್ಥೆ) ಕಾಲದ, ಫಾಕ್ಸ್‌ಪ್ರೊದಲ್ಲಿ ಮಾಡಿದ ಬಿಲ್ಲಿಂಗ್ ಪ್ರೋಗ್ರಾಂ. ಹೊಸ ಕಂಪ್ಯೂಟರಿನಲ್ಲಿ 11 ಇದೆ, ಪ್ರೋಗ್ರಾಂ ತೆರೆಯುವುದೇ ಇಲ್ಲ. 10 ಹಾಕಿಸಿದರೆ ಆಗುತ್ತದೆ ಅಂತ ಒಬ್ಬರು ಹೇಳುತ್ತಿದ್ದಾರೆ.

ಉತ್ತರ: ಯಾವ 10 ಅನ್ನುವುದರ ಮೇಲಿದೆ ಯಜಮಾನರೇ. ಡಾಸ್ ಪ್ರೋಗ್ರಾಂಗಳು 16 ಬಿಟ್‌ನವು. 64 ಬಿಟ್ ವಿಂಡೋಸ್ ಯಾವುದರಲ್ಲೂ ಅವು ನೇರವಾಗಿ ಓಡುವುದಿಲ್ಲ, ಅದು 7 ಇರಲಿ, 10 ಇರಲಿ. 10ರಲ್ಲಿ 32 ಬಿಟ್‌ನದ್ದೂ ಇತ್ತು, ಅದರಲ್ಲಿ ಓಡುತ್ತದೆ. 11 ಬಂದಿರುವುದೇ 64 ಬಿಟ್‌ನಲ್ಲಿ ಮಾತ್ರ. ಹೊಸ ಮಷೀನಿಗೆ 32 ಬಿಟ್ ಹಾಕಿದರೆ 4 ಜಿಬಿಗಿಂತ ಜಾಸ್ತಿ ರ‍್ಯಾಮ್ ಬಳಕೆಗೆ ಬರುವುದಿಲ್ಲ, ಡ್ರೈವರ್ ಸಿಗುವುದೂ ಕಷ್ಟ. ನನ್ನ ಸಲಹೆ: 11 ಹಾಗೇ ಇರಲಿ. ‘ವಿಡಾಸ್’ ಅನ್ನುವ ಪ್ರೋಗ್ರಾಂ ಹಾಕಿ ಅದರೊಳಗೆ ನಿಮ್ಮ ಬಿಲ್ಲಿಂಗ್ ಓಡಿಸಿ ನೋಡಿ. ಇಂಥ ವ್ಯಾಪಾರದ ಡಾಸ್ ಪ್ರೋಗ್ರಾಂಗಳಿಗೆಂದೇ ಮಾಡಿದ್ದು, ಪ್ರಿಂಟೂ ಕೊಡುತ್ತದೆ. ಮೊದಲು ಡೇಟಾದ ಒಂದು ಕಾಪಿ ಮೇಲೆ ಪರೀಕ್ಷೆ ಮಾಡಿ.

ಪ್ರಶ್ನೆ: ವಿಂಡೋಸ್ 7 ಹಾಕಿಸಬಹುದಾ ಸರ್?

ಉತ್ತರ: ಬೇಡ. 2020ರ ಜನವರಿ 14ಕ್ಕೇ ಅದರ ಬೆಂಬಲ ಮುಗಿಯಿತು. ಕ್ರೋಮ್ ಕೂಡ 109ನೇ ವರ್ಶನ್‌ಗೆ ನಿಂತಿದೆ. ಅದರ ಸೆಟಪ್‌ನಲ್ಲಿ ಯುಎಸ್‌ಬಿ 3 ಡ್ರೈವರ್ ಇಲ್ಲದ ಕಾರಣ ಹೊಸ ಮಷೀನುಗಳಲ್ಲಿ ಮೌಸ್, ಕೀಬೋರ್ಡ್ ಕೂಡ ಕೆಲಸ ಮಾಡದಿರಬಹುದು.

ಹಾಸನದವರು: ಸರ್, 10 ಹಾಕಿದೆ. ಸ್ಕ್ಯಾನರ್ ಓಡುತ್ತಿದೆ! ನುಡಿ ಫೈಲುಗಳೂ ಸರಿಯಾಗಿ ತೆರೆದವು. ಆದರೆ ವೈಫೈ ತೋರಿಸುತ್ತಿಲ್ಲ. ನೆಟ್ ಇಲ್ಲದೆ ಆಕ್ಟಿವೇಟೂ ಆಗಿಲ್ಲ.

ಉತ್ತರ: ಬಹಳ ಸಂತೋಷ. ವೈಫೈ ಡ್ರೈವರ್ ಇಲ್ಲ ಅಷ್ಟೇ. ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ, ನೆಟ್ ಬರುತ್ತದೆ. ಆಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿದರೆ ಡ್ರೈವರ್ ತಾನೇ ಸಿಗಬಹುದು. ಸಿಗದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಹಾಕಿ. ಅಪ್‌ಡೇಟ್ ಎಲ್ಲ ಮುಗಿದ ಮೇಲೆ ಅದೇ ಪುಟದಲ್ಲಿ ಇಎಸ್‌ಯುಗೆ ಸೇರುವ ‘ಎನ್‌ರೋಲ್ ನೌ’ ಬರುತ್ತದೆ, ಇವತ್ತೇ ಒತ್ತಿ. 11ಕ್ಕೆ ಬನ್ನಿ ಅಂತ ಮತ್ತೆ ಕೇಳಿದರೆ ‘ಸದ್ಯಕ್ಕೆ ವಿಂಡೋಸ್ 10ರಲ್ಲೇ ಇರುತ್ತೇನೆ’ ಅನ್ನುವ ಸಾಲು ಕೆಳಗೆ ಸಣ್ಣದಾಗಿ ಇರುತ್ತದೆ, ಅದನ್ನು ಒತ್ತಿ. ಅಂಗಡಿಯಲ್ಲಿ ಕೂರುವ ಹುಡುಗರಿಗೂ ತೋರಿಸಿಕೊಡಿ.