ಸಹಾಯ ಬೇಕು: ಸ್ಪ್ರಿಂಟರ್ ಕ್ಯಾಂಪರ್‌ಗೆ ಆಲ್-ಟೆರೇನ್ ಟೈರ್, 225/75 ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ಗಾಡಿ ಜರ್ಮನಿಯಲ್ಲಿರುವ ಮರ್ಸಿಡಿಸ್ ಸ್ಪ್ರಿಂಟರ್ 906, 3.5 ಟನ್, ಹಿಂದಿನ ಚಕ್ರಗಳಿಗೆ ಡ್ರೈವ್. ಈಗಿರುವುದು 235/65 ಆರ್16ಸಿ, 115/113 ಲೋಡ್ ಇಂಡೆಕ್ಸ್ (ಟೈರ್ ಎಷ್ಟು ತೂಕ ಹೊರುತ್ತೆ ಅನ್ನೋ ಸಂಕೇತ), ರಿಮ್ 6.5 ಇಂಚು, ಇಟಿ62 (ರಿಮ್‌ನ ಆಫ್‌ಸೆಟ್, ಮಿಮೀನಲ್ಲಿ). ನೀರು, ಡೀಸೆಲ್ ತುಂಬಿಸಿ ತೂಗಿದಾಗ ಹಿಂದಿನ ಆಕ್ಸಲ್ 1980 ಕೆಜಿ, ಅಂದರೆ ಟೈರಿಗೆ 990. ಹಾಗಾಗಿ 103 ಲೋಡ್ ಇಂಡೆಕ್ಸಿನ ಟೈರ್ (ಒಂದಕ್ಕೆ 875 ಕೆಜಿ) ಚೆನ್ನಾಗಿ ಕಂಡರೂ ಬೇಡ.

ಕಣ್ಣಿಟ್ಟಿರುವುದು 225/75 ಆರ್16, 115/112. ವ್ಯಾಸ 712ರಿಂದ 744 ಮಿಮೀ ಆಗುತ್ತೆ. ನೆಲದಿಂದ ಸಿಗುವ ಎತ್ತರ ಬರೀ 16 ಮಿಮೀ. ಮೀಟರಿನ 80ಕ್ಕೆ ಮೊದಲಿಗಿಂತ ಸುಮಾರು 4.5% ಹೆಚ್ಚು ಓಡುತ್ತೆ, ಎಳೆತವೂ ಅಷ್ಟೇ ಮಂದ. ಕೆಸರು ಹುಲ್ಲುಗಾವಲಲ್ಲಿ ಹೂತುಕೊಳ್ಳದಿದ್ದರೆ ಸಾಕು, ಬಂಡೆ ಹತ್ತುವ ಹುಚ್ಚಿಲ್ಲ.

ಇದನ್ನು ಹಾಕಿರುವವರು ಹೇಳಿ: ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆಯುವಾಗ ಮುಂದಿನ ಟೈರ್ ಮಡ್‌ಫ್ಲಾಪ್‌ಗೆ ಉಜ್ಜುತ್ತಾ? ಸ್ಟೆಪ್ನಿ ಹಿಂದಿನ ತೊಟ್ಟಿಲಲ್ಲಿ ಕೂರುತ್ತಾ, ಗಾಳಿ ಬಿಟ್ಟು ತುರುಕಬೇಕಾ? ಗಾಡಿ ಪೇಪರಿನಲ್ಲಿ ಈ ಸೈಜ್ ಸೇರಿಸಲು ಯಾವ ದಾಖಲೆ ಕೇಳಿದರು?

ಸೈಡ್‌ವಾಲ್ ಮೇಲೆ ಬೆಟ್ಟ-ಹಿಮಹರಳಿನ ಗುರುತು (ಚಳಿಗಾಲದ ಟೈರಿನ ಚಿಹ್ನೆ) ಇರಲೇಬೇಕು. ಅಕ್ಟೋಬರ್ 2024ರಿಂದ ಇಲ್ಲಿ ಹಿಮದ ರಸ್ತೆಗೆ ಬರೀ ಎಂ+ಎಸ್ (ಕೆಸರು-ಹಿಮದ ಗುರುತು) ನಡೆಯಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹೇಗೆ, ಎಷ್ಟು ಬಾರ್ ಗಾಳಿ ಹಾಕಿದ್ದೀರಿ, ಮುಂದೆ-ಹಿಂದೆ ಬೇರೆಬೇರೆಯಾಗಿ ತಿಳಿಸಿ. "ಸೂಪರ್ ಟೈರ್" ಅಂತ ಒಂದೇ ಮಾತು ಬೇಡ ಮಾರಾಯ್ರೇ, ಆಕ್ಸಲ್ ತೂಕವನ್ನೂ ಬರೆಯಿರಿ.