ರೂಫ್ ಕೊಯ್ದ ಅಂಬಾಸಿಡರ್ ಹರಾಜಿಗೆ ಬಂದಿದೆ, ಕೂಗಲಾ ಬೇಡವಾ?

ಪ್ರಶ್ನೆ (ಸಿರುಗುಪ್ಪದಿಂದ):

ಮಿಸ್ತ್ರಿಯಣ್ಣಾ, ನಮಸ್ಕಾರ. ಆನ್‌ಲೈನ್ ಹರಾಜಿನಲ್ಲಿ ಒಂದು ಅಂಬಾಸಿಡರ್ ನೋಡಿದೆ. 1972ರ ಮಾರ್ಕ್ 2. ಗಾಡಿ ಬೆಂಗಳೂರಲ್ಲಿದೆ, ನಂಬರ್ ಆಂಧ್ರದ್ದು, ಹಳೇ ಮೂರಕ್ಷರದ್ದು. ರೂಫ್ ತೆಗೆದು ಮಡಚುವ ಬಟ್ಟೆ ಟಾಪ್ ಕೂರಿಸಿದ್ದಾರೆ. ಹಿಂದಿನ ಎರಡು ಡೋರ್ ವೆಲ್ಡ್ ಮಾಡಿ ಮುಚ್ಚಿದ್ದಾರೆ. ಇಸುಜು 1.8 ಪೆಟ್ರೋಲ್ ಎಂಜಿನ್, ಐದು ಗೇರು, ಮುಂದೆ ಡಿಸ್ಕ್ ಬ್ರೇಕ್, ಅಲಾಯ್ ವೀಲ್, ಕೆಂಪು ಸೀಟು. ಆರಂಭದ ಬೆಲೆ 6 ಲಕ್ಷ. ‘50 ವರ್ಷ ದಾಟಿದೆ, ವಿಂಟೇಜ್ ನಂಬರ್ ಸಿಗುತ್ತದೆ’ ಅಂತ ಜಾಹೀರಾತಿನಲ್ಲಿ ಬರೆದಿದ್ದಾರೆ. ಆರ್‌ಸಿ ಅವಧಿ 2017ಕ್ಕೇ ಮುಗಿದಿದೆ. ‘ಹರಾಜಿನ ಗಾಡಿ ಅಲ್ವಾ, ಫಾರ್ಮ್ 32 ಕೊಟ್ಟರೆ ಸಾಕು’ ಅಂತ ಅವರ ಹುಡುಗ ಫೋನಲ್ಲಿ ಹೇಳಿದ. ನಮ್ಮ ಕಡೆ ಮದುವೆ ಮೆರವಣಿಗೆಗೆ ಬಾಡಿಗೆ ಬಿಡುವ ಯೋಚನೆ ನನ್ನದು. ಕೂಗಬಹುದಾ?

ಉತ್ತರ (ಮಿಸ್ತ್ರಿ, ಬಳ್ಳಾರಿ):

ತಮ್ಮಾ, ಫೋಟೋ ನೋಡಿದೆ. ಗಾಡಿ ಚೆಂದ ಇದೆ, ಸುಳ್ಳು ಹೇಳಲ್ಲ. ಆದರೆ ನೀನು ಬರೆದ ಪಟ್ಟಿಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಎಂಜಿನ್ ಅಲ್ಲ, ರೂಫ್.

ಎಂಜಿನ್ ಮಾತು ಮೊದಲು ಮುಗಿಸೋಣ. 1972ರ ಗಾಡಿಗೆ ಬಂದದ್ದು 1489 ಸಿಸಿ ಎಂಜಿನ್, ನಾಲ್ಕು ಗೇರು, ಗೇರ್ ಕಡ್ಡಿ ಸ್ಟೀರಿಂಗ್ ಪಕ್ಕ. ಇಸುಜು 1817 ಸಿಸಿ. ತೊಂಬತ್ತರ ದಶಕದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರೇ ಅಂಬಾಸಿಡರ್‌ಗೆ ಅದನ್ನು ಹಾಕಿ ಮಾರಿದರು. ಹಾಗಾಗಿ ಅದು ಬಾನೆಟ್ ಒಳಗೆ ಹೆಚ್ಚು ಜಗಳ ಇಲ್ಲದೆ ಕೂರುತ್ತದೆ. ಓಡಿಸೋಕೂ ಹಗುರ. ಡಿಸ್ಕ್ ಬ್ರೇಕ್ ಹಾಕಿದ್ದು ಬುದ್ಧಿವಂತ ಕೆಲಸ. ಇಷ್ಟಕ್ಕೆ ನಾನು ಪಾಸ್ ಮಾಡುತ್ತೇನೆ.

ಈಗ ರೂಫ್. ಜೀಪಿಗೆ, ಲಾರಿಗೆ ಕೆಳಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ಚೌಕಟ್ಟು, ಇರುತ್ತದೆ. ಮೇಲಿನ ಬಾಡಿ ಪೂರ್ತಿ ಕಿತ್ತರೂ ಗಾಡಿ ನಿಲ್ಲುತ್ತದೆ. ಅಂಬಾಸಿಡರ್ ಹಾಗಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಬಂದ ಗಾಡಿ ಅದು. ನೆಲ, ಕಂಬ, ರೂಫ್, ಡೋರ್ ಕೆಳಗಿನ ಬಾಕ್ಸ್ ಎಲ್ಲಾ ಸೇರಿಯೇ ಚಾಸಿ. ರೂಫ್ ಕೊಯ್ದರೆ ತೇರಿನ ಒಂದು ಚಕ್ರ ತೆಗೆದ ಹಾಗೆ. ಕೆಳಗಿನ ಬಾಕ್ಸ್ ಒಳಗೆ ದಪ್ಪ ಪ್ಲೇಟ್ ಕೊಟ್ಟು, ನೆಲದಲ್ಲಿ ಅಡ್ಡಪಟ್ಟಿ ಹಾಕಿ, ವಿಂಡ್‌ಸ್ಕ್ರೀನ್ ಫ್ರೇಮಿಗೆ ಒಳಗಿಂದ ಪೈಪ್ ಕೊಟ್ಟಿದ್ದರೆ ಸರಿ. ಕೊಟ್ಟಿಲ್ಲ ಅಂದರೆ ಗಾಡಿ ನಡು ಬಿದ್ದ ಎಮ್ಮೆ.

ನನಗೆ ಹೇಗೆ ಗೊತ್ತು ಅಂತೀಯಾ? ಗಣಿ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ ನಾನೇ ಒಂದು ಅಂಬಾಸಿಡರ್ ರೂಫ್ ಕೊಯ್ದಿದ್ದೆ. ಓನರ್ ಅವಸರ ಮಾಡಿದರು, ನಾನು ಹೂಂ ಅಂದೆ. ಸಂಡೂರು ರಸ್ತೆಯ ಗುಂಡಿಗಳಲ್ಲಿ ನಾಲ್ಕು ತಿಂಗಳು ಓಡಿತು. ಒಂದು ದಿನ ಹಂಪ್ ಇಳಿಯುವಾಗ ಎಡಗಡೆ ಡೋರ್ ತಾನೇ ತೆರೆದುಕೊಂಡಿತು. ಆಮೇಲೆ ಗ್ಲಾಸ್ ಬಿರಿಯಿತು. ಅವತ್ತಿನಿಂದ ರೂಫಿಗೆ ಕಟರ್ ಹಿಡಿದಿಲ್ಲ.

ಪರೀಕ್ಷೆ ಸುಲಭ. ಬೆಂಗಳೂರಿಗೆ ಹೋದಾಗ ಹಿಂದಿನ ಒಂದು ಮೂಲೆಗೆ ಜಾಕ್ ಕೊಡಿಸು. ಆಗ ಎರಡೂ ಡೋರ್ ತೆರೆದು ಮುಚ್ಚಿ ನೋಡು. ಮೊದಲಿನ ಹಾಗೇ ಮುಚ್ಚಿದರೆ ಬಾಡಿ ಗಟ್ಟಿ. ಲಾಕ್ ತಿಕ್ಕಿದರೆ, ಗ್ಯಾಪ್ ಬದಲಾದರೆ, ಅಲ್ಲೇ ಕೈಮುಗಿದು ಬಾ. ‘ಜಾಕ್ ಕೊಡೋಕಾಗಲ್ಲ’ ಅಂದರೂ ಉತ್ತರ ಸಿಕ್ಕ ಹಾಗೇ.

ಜೇಬಲ್ಲಿ ಒಂದು ಹಳೇ ಸ್ಪೀಕರ್ ಮ್ಯಾಗ್ನೆಟ್ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗು. ಮುಚ್ಚಿದ ಹಿಂದಿನ ಡೋರ್ ಜಾಗಕ್ಕೆ ಇಡು. ಅಂಟಿಕೊಳ್ಳದಿದ್ದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ದಪ್ಪ ಪುಟ್ಟಿ ನಮ್ಮೂರ ಏಪ್ರಿಲ್ ಬಿಸಿಲಿಗೆ ಬಿರಿಯದೆ ಇರಲ್ಲ.

ಇನ್ನು ಕಾಗದ. ‘ವಿಂಟೇಜ್ ನಂಬರ್ ಸಿಗುತ್ತದೆ’ ಅನ್ನುವುದು ಸುಳ್ಳು. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಜೊತೆಗೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್ ಬದಲಾಗಿರಬಾರದು. ಈ ಗಾಡಿಯಲ್ಲಿ ಬಾಡಿಯೂ ಹೋಗಿದೆ, ಎಂಜಿನ್ನೂ ಹೋಗಿದೆ. ವಯಸ್ಸು ಮಾತ್ರ ಉಳಿದಿದೆ. ಒಂದು ವೇಳೆ ವಿಂಟೇಜ್ ಗಾಡಿಗೆ ಕೊಡುವ ಆ ‘ವಿಎ’ ನಂಬರ್ ಸಿಕ್ಕಿತು ಅಂತಲೇ ಇಟ್ಟುಕೋ. ಅದರಲ್ಲಿ ದಿನಾ ಓಡಿಸುವ ಹಾಗಿಲ್ಲ, ದುಡಿಯುವ ಹಾಗಂತೂ ಇಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ, ಅಷ್ಟೇ. ಬಾಡಿಗೆ ಎಲ್ಲಿಂದ ಬಂತು?

ಮಾಮೂಲಿ ಆರ್‌ಸಿ ರಿನ್ಯೂವಲ್ ಮಾಡಿಸಬೇಕಾದರೂ ಇನ್ಸ್‌ಪೆಕ್ಟರ್ ಮುಂದೆ ಗಾಡಿ ನಿಲ್ಲಿಸಬೇಕು. ಆರ್‌ಸಿಯಲ್ಲಿ ನಾಲ್ಕು ಡೋರಿನ ಸಲೂನ್, ಎದುರಿಗೆ ಎರಡು ಡೋರಿನ ಓಪನ್ ಗಾಡಿ. ಅವರು ಏನು ಬರೆಯಬೇಕು? ಹೀಗೆ ಗಾಡಿ ಬದಲಿಸುವುದನ್ನು ತಡೆಯೋಕೇ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇರುವುದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಒಂದು ಕೇಸಿನಲ್ಲಿ ಇದನ್ನೇ ಹೇಳಿತು. ಕಂಪನಿ ಕೊಟ್ಟ ವಿನ್ಯಾಸಕ್ಕೆ ವಿರುದ್ಧವಾಗಿ ಬದಲಿಸಿದರೆ ನೋಂದಣಿ ಇಲ್ಲ. ಬಣ್ಣ ಬದಲಿಸಿದರೆ ಆರ್‌ಟಿಒದಲ್ಲಿ ಬರೆಸಿಕೊಂಡು ಬರಬಹುದು. ರೂಫ್ ಹಾಗಲ್ಲ.

ಪ್ರಶ್ನೆ (ಗಂಗಾವತಿಯಿಂದ ಇನ್ನೊಬ್ಬರು):

ಮಿಸ್ತ್ರಿಯವರೇ, ಹಾಗಾದರೆ ರಸ್ತೆಯಲ್ಲಿ ಇಷ್ಟೊಂದು ಮಾಡಿಫೈ ಗಾಡಿ ಓಡುತ್ತಾವಲ್ಲ? ಆ ಫಾರ್ಮ್ 32 ಏನು?

ಉತ್ತರ:

ಓಡುತ್ತವೆ ಸರ್. ಹಿಡಿಯುವ ತನಕ ಓಡುತ್ತವೆ. ಆ್ಯಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಎಂಜಿನ್ ನಂಬರ್. ತಿಳಿಸದೆ ಬದಲಿಸಿದ್ದರೆ ಕ್ಲೇಮ್ ಕೊಡದಿರೋಕೆ ಅವರಿಗೆ ಅದೇ ಸಾಕು.

ಫಾರ್ಮ್ 32 ಸರ್ಕಾರ ಮಾಡುವ ಹರಾಜಿಗೆ. ಇಲಾಖೆಯ ಹಳೇ ಜೀಪು ಕೂಗಿ ತಗೊಂಡರೆ 30 ದಿನದೊಳಗೆ ಅದನ್ನು ಕೊಡಬೇಕು. ಇದು ಖಾಸಗಿಯವರ ಹರಾಜು. ಹೆಸರು ಬದಲಿಸೋಕೆ ಮಾರುವ ಓನರ್ ಸಹಿ ಮಾಡಿದ ಫಾರ್ಮ್ 29, 30 ಬೇಕೇ ಬೇಕು. ಗಾಡಿ ಆಂಧ್ರದ್ದಾದ್ದರಿಂದ ಮೂಲ ಆರ್‌ಟಿಒದಿಂದ ‘ನಮ್ಮ ಅಡ್ಡಿ ಇಲ್ಲ’ ಅನ್ನುವ ಎನ್‌ಒಸಿ, ಅಂದರೆ ಫಾರ್ಮ್ 28. ಆಮೇಲೆ ಇಲ್ಲಿ ನಮ್ಮ ಟ್ಯಾಕ್ಸ್ ಕಟ್ಟಿ ಕೆಎ 34 ನಂಬರ್. ಅವಧಿ ಮುಗಿದ ಆರ್‌ಸಿ ಮೇಲೆ ಇದೆಲ್ಲಾ ಆಗುವುದು ಕಷ್ಟ. ಮೊದಲು ಆ ನಂಬರ್ ಪರಿವಾಹನ್ ಆ್ಯಪ್‌ನಲ್ಲಿ ಬರುತ್ತದಾ ನೋಡಬೇಕು. ಹಳೇ ಮೂರಕ್ಷರದ ಗಾಡಿಗಳ ದಾಖಲೆ ಎಷ್ಟೋ ಸಲ ಪುಸ್ತಕದಲ್ಲೇ ಉಳಿದಿರುತ್ತದೆ, ಕಂಪ್ಯೂಟರಿಗೆ ಏರಿರಲ್ಲ. ಅದನ್ನು ಏರಿಸೋಕೆ ಆ ಊರಿನ ಆಫೀಸಿಗೇ ಹೋಗಬೇಕು.

ಪ್ರಶ್ನೆ (ಸಿರುಗುಪ್ಪ):

ಅಣ್ಣಾ, ಬೆಲೆ ಇಳಿದರೆ? ಯಾರೂ ಕೂಗದಿದ್ದರೆ ಮಾತಾಡಿ ಕೊಡುತ್ತಾರಂತೆ. 3 ಲಕ್ಷಕ್ಕೆ ಬಂದರೆ ಬಿಡಲಾ?

ಉತ್ತರ:

3 ಲಕ್ಷ ಅಂದರೆ 3 ಲಕ್ಷ ಅಲ್ಲ. ಹರಾಜಿನವರ ಕಮಿಷನ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಬೆಂಗಳೂರಿನಿಂದ ಟ್ರಕ್ಕಿನಲ್ಲಿ ತರುವ ಖರ್ಚು. ಆರ್‌ಸಿ ಅವಧಿ ಮುಗಿದ ಗಾಡಿ ಓಡಿಸಿಕೊಂಡು ಬರೋಕಾಗಲ್ಲ. ಕರಾರಿನಲ್ಲಿ ‘ಇದ್ದಲ್ಲಿ ಇದ್ದಂತೆ’ ಅಂತ ಬರೆದಿರುತ್ತಾರೆ, ಓದಿದ್ದೀಯಾ? ಡೆಪಾಸಿಟ್ ಕಟ್ಟಿ ಗೆದ್ದ ಮೇಲೆ ಹಿಂದೆ ಸರಿದರೆ ಆ ದುಡ್ಡು ಹೋಯಿತು.

ಎಂಜಿನ್ ಮತ್ತು ಗೇರ್‌ಬಾಕ್ಸ್ ಬೆಲೆಗೆ ಬಂದರೆ ಬೇರೆ ಮಾತು. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಡ. ಮೆರವಣಿಗೆ ಬಾಡಿಗೆಯನ್ನು ಮರೆತುಬಿಡು. ಅದಕ್ಕೆ ಹಳದಿ ಬೋರ್ಡು, ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಲ್ಲಾ ಬೇಕು. ಈ ಗಾಡಿಗೆ ಎಫ್‌ಸಿ ಕೊಡುವ ಇನ್ಸ್‌ಪೆಕ್ಟರನ್ನು ನಾನಿನ್ನೂ ಕಂಡಿಲ್ಲ. ನಿನಗೆ ಅಂಬಾಸಿಡರ್ ಹುಚ್ಚೇ ಇದ್ದರೆ ನಾಲ್ಕು ಡೋರಿನ, ರೂಫ್ ಇರುವ, ಆರ್‌ಸಿ ಜೀವಂತ ಇರುವ ಗಾಡಿ ಹುಡುಕು. 2014ರ ತನಕ ಮಾಡಿದ್ದಾರೆ, ಸಿಗದೆ ಏನು?

ನಾಲ್ಕು ದಿನದ ನಂತರ (ಸಿರುಗುಪ್ಪ):

ಅಣ್ಣಾ, ಬೆಂಗಳೂರಿಗೆ ಬಂದಿದ್ದೇನೆ. ಬೇಡ ಬೇಡ ಅಂತಲೇ ಜಾಕ್ ಕೊಟ್ಟರು. ಎತ್ತಿದ ಕಡೆಯ ಡೋರ್ ಮುಚ್ಚಲಿಲ್ಲ. ಮೇಲೆ ಬೆರಳು ಹೋಗುವಷ್ಟು ಸಂದು. ಮ್ಯಾಗ್ನೆಟ್ ಎರಡು ಕಡೆ ಜಾರಿ ಕೆಳಗೆ ಬಿತ್ತು. ಆರ್‌ಸಿಯಲ್ಲಿ ಎಂಜಿನ್ ನಂಬರ್ ಹಳೇದೇ ಇದೆ.

ಉತ್ತರ:

ಡೆಪಾಸಿಟ್ ಕಟ್ಟಿಲ್ಲ ತಾನೆ? ಹಾಗಾದರೆ ರಾತ್ರಿ ಟ್ರೇನ್ ಹಿಡಿದು ವಾಪಸ್ ಬಾ. ಅದಕ್ಕೆ ಮುಂಚೆ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಒಂದು ಸುತ್ತು ಹಾಕು. ಮಾರ್ಕ್ 2ರ ಚೌಕುಳಿ ಗ್ರಿಲ್ ಸಿಕ್ಕರೆ ನನಗೊಂದು ತಾ, ದುಡ್ಡು ಇಲ್ಲಿ ಕೊಡುತ್ತೇನೆ.