ಗಣಪತಿ ಬಪ್ಪಾ ಸರಿ, ಈ ‘ಮೋರಯಾ’ ಯಾರು?

ಕೇಳಿದವರು, ಠಾಣೆ:
ನಮ್ಮ ಕನ್ನಡ ಸಂಘದ ಗಣಪತಿ ಹಬ್ಬದಲ್ಲಿ ಮಗಳು ‘ಮೋರಯಾ’ ಪದದ ಬಗ್ಗೆ ಮೂರು ನಿಮಿಷ ಮಾತಾಡಬೇಕು. ಆರನೇ ಕ್ಲಾಸು. ‘ಮೋರ್ ಅಂದ್ರೆ ನವಿಲು, ನವಿಲು ಏರಿದ ಗಣಪ’ ಅಂತಾರೆ ನಮ್ಮ ಮಾವನವರು. ‘ಅಲ್ಲ, ಅದು ಒಬ್ಬ ಸಂತರ ಹೆಸರು’ ಅಂತಾರೆ ಎದುರುಮನೆ ಮರಾಠಿ ಕಾಕು (ಚಿಕ್ಕಮ್ಮ). ವಾಟ್ಸಾಪ್ ಅಂತೂ ಮೌರ್ಯ ಸಾಮ್ರಾಜ್ಯದವರೆಗೂ ಹೋಗಿದೆ. ಮಕ್ಕಳಿಗೆ ನೀವು ಏನು ಹೇಳಿಕೊಟ್ಟಿರಿ?

ಚಿಂಚವಾಡದಿಂದ:
ಕಾಕು ಹೇಳಿದ್ದು ಸರಿ. ಮಾವನವರ ಮಾತನ್ನೂ ಬಿಡಬೇಡಿ. ಮೋರಯಾ ಗೋಸಾವಿ ಗಣಪತಿಯ ದೊಡ್ಡ ಭಕ್ತರು. ಅವರ ಸಮಾಧಿ ಮಂದಿರ ಪುಣೆ ಹತ್ತಿರದ ನಮ್ಮೂರಲ್ಲೇ, ಪವನಾ ನದಿ ದಂಡೆಯಲ್ಲಿ ಇದೆ. ಮಳೆ ಜೋರಾದರೆ ಹೊಳೆ ಗುಡಿಯೊಳಗೇ ಬಂದುಬಿಡುತ್ತದೆ. ಅವರ ಆರಾಧ್ಯ ದೈವ ಪುಣೆ ಜಿಲ್ಲೆಯದೇ ಆದ ಮೋರಗಾಂವದ ಮಯೂರೇಶ್ವರ, ಅಂದರೆ ನವಿಲೇರಿದ ಗಣಪತಿ. ಊರಿನ ಹೆಸರಲ್ಲೂ ನವಿಲು, ದೇವರ ಹೆಸರಲ್ಲೂ ನವಿಲು. ಆ ದೇವರ ಹೆಸರೇ ಭಕ್ತರಿಗೂ ಬಂತು ಅಂತ ಇಲ್ಲಿಯವರು ಹೇಳುತ್ತಾರೆ.

ಮಕ್ಕಳಿಗೆ ಕಥೆ ಬೇಕಲ್ವಾ, ಇದನ್ನು ಹೇಳಿ. ಗೋಸಾವಿಯವರು ಚಿಂಚವಾಡದಿಂದ ಮೋರಗಾಂವಕ್ಕೆ ತಪ್ಪದೆ ಪೂಜೆಗೆ ಹೋಗುತ್ತಿದ್ದರಂತೆ. ವಯಸ್ಸಾಯಿತು, ಕಾಲು ಸೋತವು. ಆಗ ದೇವರು ಕನಸಲ್ಲಿ ಬಂದು ‘ಇನ್ನು ನೀನು ಬರಬೇಡ, ನಾನೇ ಬರ್ತೀನಿ’ ಅಂದನಂತೆ. ಮಾರನೆಯ ದಿನ ಮೋರಗಾಂವದ ಕರ್ಹಾ ನದಿಯಲ್ಲಿ ಮಿಂದು ಏಳುವಾಗ ಕೈಗೆ ಒಂದು ಮೂರ್ತಿ ಸಿಕ್ಕಿತು. ಅದೇ ಚಿಂಚವಾಡದ ಮಂಗಳಮೂರ್ತಿ. ಈಗಲೂ ಭಾದ್ರಪದದಲ್ಲಿ, ಮಾಘದಲ್ಲಿ ಇಲ್ಲಿಂದ ಮೋರಗಾಂವಕ್ಕೆ ಪಲ್ಲಕ್ಕಿ ಹೋಗುತ್ತದೆ.

ಇಸವಿ ಮಾತ್ರ ಹೇಳಿಸಬೇಡಿ. ಒಬ್ಬ ವಿದ್ವಾಂಸರು 14ನೇ ಶತಮಾನ ಅಂದರೆ ಇನ್ನೊಬ್ಬರು 17ನೇದು ಅಂತಾರೆ. ಇನ್ನೊಂದು ಮಾತು: ಮಕ್ಕಳು ಟಿಳಕರನ್ನೂ ಇದಕ್ಕೆ ಸೇರಿಸಿಬಿಡುತ್ತಾರೆ. ಟಿಳಕರ ಸಾರ್ವಜನಿಕ ಗಣೇಶೋತ್ಸವ 1893ರ ಸುಮಾರಿನದು. ಗೋಸಾವಿಯವರು ಅದಕ್ಕಿಂತ ಎಷ್ಟೋ ಹಿಂದಿನವರು. ಮೌರ್ಯರ ಕಥೆಗೆ ಸಮಯ ಹಾಳು ಮಾಡಬೇಡಿ.

ಡೊಂಬಿವಲಿಯಿಂದ:
ನಮ್ಮ ಸಂಘದಲ್ಲಿ ಇದನ್ನೇ ಹೇಳಿಸಿದ್ದೆವು. ಚಪ್ಪಾಳೆ ಜಾಸ್ತಿ ಬಿದ್ದದ್ದು ಬೀದರ್ ಹೆಸರಿಗೆ! ಗೋಸಾವಿಯವರ ಮನೆತನ ಬೀದರ್ ಕಡೆಯಿಂದ ಬಂದದ್ದು ಅಂತ ಒಂದು ಪರಂಪರೆ ಇದೆ. ಹುಟ್ಟಿದ್ದೇ ಅಲ್ಲಿ ಅಂತಲೂ ಕೆಲವರು ಹೇಳುತ್ತಾರೆ. ಬೇರೆ ಕಥೆಗಳೂ ಇವೆ, ಹಾಗಾಗಿ ‘ಎನ್ನುತ್ತಾರೆ’ ಸೇರಿಸಿ. ಆಮೇಲೆ ಒಬ್ಬರು ಎದ್ದು ‘ಮೋರಯಾ ಅಂದ್ರೆ ನಮ್ಮ ಮೋರ-ಅಯ್ಯ’ ಅಂದರು. ಕೇಳೋಕೆ ಚೆನ್ನಾಗಿದೆ, ಅಭಿಮಾನಕ್ಕೂ ಹಿತ. ಆದರೆ ಮಗು ಬಾಯಲ್ಲಿ ಹೇಳಿಸುವಷ್ಟು ಗಟ್ಟಿ ಅಲ್ಲ.

ಪುಣೆಯಿಂದ, ಮೂಲ ಬೆಳಗಾವಿ:
ಅಕ್ಕಾರ, ಅರ್ಥಕ್ಕಿಂತ ಘೋಷಣೆ ಕೂಗುವ ರೀತಿ ತೋರಿಸ್ರಿ. ಒಬ್ಬ ‘ಗಣಪತಿ ಬಪ್ಪಾ’ ಅಂತಾನೆ. ಉಳಿದವರೆಲ್ಲ ‘ಮೋರಯಾ’ ಅಂತಾರೆ. ಕರೆದದ್ದು ದೇವರನ್ನು, ಜನ ಓಗೊಟ್ಟದ್ದು ಭಕ್ತನ ಹೆಸರಿನಿಂದ. ನಮ್ಮ ಕಡೆ ಭಜನೆಯಲ್ಲಿ ‘ಪುಂಡಲೀಕ ವರದಾ ಹರಿ ವಿಠ್ಠಲ’ ಅಂತೀವಲ್ಲ, ಅಲ್ಲೂ ವಿಠ್ಠಲನ ಮುಂದೆ ಪುಂಡಲೀಕ ನಿಂತಾನ. ಇಟ್ಟಿಗೆ ಎಸೆದು ‘ನಿಲ್ಲಪ್ಪಾ, ಅಪ್ಪ-ಅವ್ವನ ಸೇವೆ ಮುಗಿಸಿ ಬರ್ತೀನಿ’ ಅಂದ ಭಕ್ತ. ಈ ಕಥೆ ಗೊತ್ತಿರುವ ಮಗುವಿಗೆ ಮೋರಯಾ ಅರ್ಥ ಆಗಲು ಅರ್ಧ ನಿಮಿಷ ಸಾಕು. ಶುರುವಿಗೇ ಮಗಳು ‘ಗಣಪತಿ ಬಪ್ಪಾ’ ಅಂತ ಕೂಗಲಿ, ಸಭೆ ಉತ್ತರ ಕೊಡಲಿ, ಆಮೇಲೆ ‘ಈಗ ಯಾರ ಹೆಸರು ಕೂಗಿದಿರಿ?’ ಅಂತ ಕೇಳಲಿ.

ವಾಶಿಯಿಂದ:
ಫೋಟೋ ತೋರಿಸುವುದಿದ್ದರೆ ಮೋರಗಾಂವದ ಗುಡಿಯದೇ ಇರಲಿ. ಅಷ್ಟವಿನಾಯಕ ಯಾತ್ರೆ, ಅಂದರೆ ಎಂಟು ಗಣಪತಿ ಗುಡಿಗಳ ಯಾತ್ರೆ, ಅಲ್ಲಿಂದಲೇ ಶುರು. ಗುಡಿಯ ನಾಲ್ಕು ಮೂಲೆಗೆ ಮಿನಾರು, ಗಣಪತಿ ಎದುರಿಗೆ ನಂದಿ! ಶಿವನ ಗುಡಿಯ ನಂದಿ ಇಲ್ಲೇನು ಮಾಡುತ್ತಿದೆ ಅಂತ ಮಕ್ಕಳೇ ಕೇಳುತ್ತಾರೆ.

ಮುಲುಂಡ್‌ನಿಂದ:
ಬ್ಯಾನರ್ ಮಾಡಿಸುತ್ತೀರಾದರೆ ಅಕ್ಷರ ನೀವೇ ಬರೆದುಕೊಡಿ. ಇಲ್ಲಿನ ಪ್ರಿಂಟಿಂಗಿನವನು ಕನ್ನಡದಲ್ಲಿ ‘ಮೋರಿಯಾ’ ಅಂತ ಹೊಡೆದಿದ್ದ. ಮರಾಠಿಯವರಿಗೆ ಏನೂ ಅನಿಸಲಿಲ್ಲ. ಹುಬ್ಬಳ್ಳಿಯಿಂದ ಬಂದ ನಮ್ಮತ್ತೆ ಓದಿ, ‘ಗಣಪ್ಪನ್ನ ಮೋರಿಗ್ಯಾಕ ಕರಕೊಂಡು ಹೋದ್ರಿ?’ ಅಂದರು.